ಗೌರಿನ ಒಂದ್ ವರ್ಷ ಖಾಲಿ ಬಿಟ್ಟಿದ್ದು

ನಮ್ ಹೆಣ್ಣುಕುದುರೆ ಗೌರಿ ಮನೆಗೆ ಬಂದಾಗ ಅವಳಿಗೆ 5 ವರ್ಷ. ರೇಸಲ್ಲಿ ಅವಳ ಹೆಸರು ಬೇರೆ, ಉದ್ದಕ್ಕೆ ಇಂಗ್ಲಿಷ್ ಹೆಸರು, ಗೌರಿ ಹಬ್ಬದ ಹಿಂದಿನ ದಿನ ಲಾರಿಯಿಂದ ಇಳಿದ್ಳು ಅಂತ ಅಮ್ಮ ಗೌರಿ ಅಂದ್ರು, ಅದೇ ನಿಂತೋಯ್ತು. ಬೆಂಗಳೂರು ರೇಸ್‌ಕೋರ್ಸಲ್ಲಿ ಓಡ್ತಿದ್ದವಳು, ಮುಂಗಾಲಿನ ಟೆಂಡನ್, ಅಂದ್ರೆ ಸ್ನಾಯುರಜ್ಜು, ಹೋಗಿ ಇನ್ನು ಓಡಲ್ಲ ಅಂತಾದ್ಮೇಲೆ ಅಲ್ಲೇ ಕುದುರೆ ನೋಡ್ಕೊಳ್ಳೋ ಸೈಸ್ ಆಗಿ 22 ವರ್ಷ ದುಡಿದ ನಮ್ ಚಿಕ್ಕಪ್ಪ ಓನರ್ ಹತ್ರ ಮಾತಾಡಿ ಕೊಡ್ಸಿದ್ರು.

ನಮ್ದು ತಳಿ ಅನ್ನೋ ಊರಿನ ಹತ್ರ ಹಳ್ಳಿ. ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆ, ಬೋರ್ಡಲ್ಲಿ ತಮಿಳು, ಸಂತೇಲಿ ತೆಲುಗು, ಮನೇಲಿ ಕನ್ನಡ. ಎತ್ತರದ ಜಾಗ, ಹವಾ ತಂಪು, ಕುದುರೆಗೆ ಒಗ್ಗುತ್ತೆ. ಹೊಸೂರು ಪಕ್ಕದ ಮತ್ತಿಗಿರಿ ಫಾರ್ಮ್ ಇದ್ಯಲ್ಲ, 1824ರಲ್ಲಿ ಶುರುವಾಗಿದ್ದು, ಅದೂ ಮೊದ್ಲು ಸೈನ್ಯದ ಕುದುರೆಗೋಸ್ಕರನೇ. ಮೂರು ಎಕ್ರೆಯಲ್ಲಿ ಎರಡು ಲಾಯ, ಬೇಲಿ ಹಾಕಿದ ಒಂದು ಮೇಯೋ ಜಾಗ, ಒಂದು ಪಟ್ಟಿ ಕುದುರೆ ಮಸಾಲೆ ಸೊಪ್ಪು, ಇಷ್ಟೇ ಕುದುರೆ ಮರಿ ಮಾಡ್ಸೋ ನಮ್ ಸ್ಟಡ್ ಫಾರ್ಮು. ದೊಡ್ಡ ಫಾರ್ಮಿನವ್ರಿಗೆ ನೂರು ಹೆಣ್ಣುಕುದುರೆ ಇರತ್ತೆ, ಒಂದು ಗಬ್ಬ ನಿಲ್ದೆ ಖಾಲಿ ಉಳಿದ್ರೆ ಲೆಕ್ಕಕ್ಕೆ ಬರಲ್ಲ. ನನಗಿದ್ದಿದ್ದು ಒಂದೇ. ಅದಕ್ಕೇ ಪ್ರತಿ ವರ್ಷ ಮರಿ ಬೇಕು ಅನ್ನೋದು ನನ್ನ ತಲೇಲಿ ಗಟ್ಟಿಯಾಗಿ ಕೂತಿತ್ತು, ಯಾಕಂದ್ರೆ ಈದ್ರೂ ಈಯದಿದ್ರೂ ಹುರುಳಿ ಓಟ್ಸು ಹುಲ್ಲು ಲಾಳ ಡಾಕ್ಟ್ರು ಎಲ್ಲಾ ಸೇರಿ ತಿಂಗಳ ಖರ್ಚು ಅಷ್ಟೇ.

ಹಸುಗೆ ಮಾಡೋ ಹಾಗೆ ಇಂಜೆಕ್ಷನ್ ಕೊಡ್ಸಿ ಗಬ್ಬ ಮಾಡ್ಸೋಕೆ ಥರೋಬ್ರೆಡ್ ಅನ್ನೋ ಈ ರೇಸ್ ಕುದುರೆ ಜಾತೀಲಿ ಆಗಲ್ಲ. ಗಂಡು ಹೆಣ್ಣು ಎದುರಿಗೇ ಸೇರ್ಬೇಕು, ಇಲ್ಲಾಂದ್ರೆ ಮರಿಗೆ ಸ್ಟಡ್ ಬುಕ್ ಅನ್ನೋ ವಂಶಾವಳಿ ದಾಖಲೇಲಿ ರಿಜಿಸ್ಟ್ರೇಷನ್ನೇ ಇಲ್ಲ, ಒಂದರ ಭ್ರೂಣ ಇನ್ನೊಂದರ ಹೊಟ್ಟೇಲಿ ಬೆಳ್ಸೋದೂ ಒಪ್ಪಲ್ಲ, ಹುಟ್ಟಿದ ಮೇಲೆ ಡಿಎನ್ಎ ಟೆಸ್ಟ್ ಬೇರೆ ಆಗತ್ತೆ. ಅಂದ್ರೆ ಒಂದು ಹೆಣ್ಣುಕುದುರೆಗೆ ವರ್ಷಕ್ಕೆ ಒಂದೇ ಮರಿ, ಅದೂ ಅವಳೇ ಹೊತ್ತು ಅವಳೇ ಈಯಬೇಕು, ಬೇರೆ ದಾರಿ ಇಲ್ಲ.

ಮೊದಲ ವರ್ಷ ಸಲೀಸು. ಫೆಬ್ರವರಿ ನಡುವಿಗೆ ಗಂಡು ಇರೋ ಫಾರ್ಮಿಗೆ ಕಳ್ಸಿದ್ವಿ, ಮೊದಲ ಸಲ ಗಬ್ಬ ನಿಲ್ಲಲಿಲ್ಲ, 21 ದಿನಕ್ಕೆ ಮತ್ತೆ ಬೆದೆಗೆ ಬಂದ್ಳು, ಆವಾಗ ನಿಂತಿತು. ಮುಂದಿನ ವರ್ಷ ಫೆಬ್ರವರಿ 10ಕ್ಕೆ ಗಂಡು ಮರಿ. ನಾನು ಮರೀನ ತಬ್ಬಿ ಎತ್ಕೊಂಡು ತೂಕದ ಮೆಷಿನ್ ಮೇಲೆ ನಿಂತು ನನ್ನ ತೂಕ ಕಳೆದು ನೋಡ್ದೆ, 43 ಕೆಜಿ. ಸ್ವಲ್ಪ ಸಣ್ಣ ಅನ್ನಿಸ್ತು. ಡಾಕ್ಟ್ರು ಅಂದ್ರು, ಚೊಚ್ಚಲಲ್ವಾ, ಮೊದಲ ಸಲ ಗರ್ಭಕೋಶ ಪೂರ್ತಿ ಅರಳಿರಲ್ಲ, ಕುದುರೆ ಮಾಸು ಹಸುದ ಥರ ಅಲ್ಲಲ್ಲಿ ಗಂಟು ಗಂಟಾಗಿ ಅಂಟಿರಲ್ಲ, ಗರ್ಭಕೋಶದ ಇಡೀ ಒಳಗೋಡೆಗೇ ಅಂಟ್ಕೊಂಡಿರತ್ತೆ, ಆ ಗೋಡೆ ಎಷ್ಟು ಅಗಲ, ಎಷ್ಟು ಆರೋಗ್ಯವಾಗಿದ್ಯೋ ಮರಿಗೆ ಅಷ್ಟೇ ಊಟ ಅಂತ. 1938ರಲ್ಲಿ ಕೇಂಬ್ರಿಜ್‌ನ ವಾಲ್ಟನ್ ಮತ್ತೆ ಹ್ಯಾಮಂಡ್ ಅನ್ನೋರು ಶೈರ್ ಅನ್ನೋ ಆನೆಯಂಥ ಕುದುರೆನೂ ಶೆಟ್ಲೆಂಡ್ ಅನ್ನೋ ಗಿಡ್ಡ ತಟ್ಟುನೂ ಎರಡೂ ಕಡೆಯಿಂದ ಕ್ರಾಸ್ ಮಾಡಿ ನೋಡಿದ್ರಂತೆ. ಅಪ್ಪ ಅಮ್ಮನ ರಕ್ತ ಅರ್ಧರ್ಧನೇ ಆದ್ರೂ ದೊಡ್ಡ ತಾಯಿ ಹೊಟ್ಟೇಲಿ ಬೆಳೆದ ಮರಿ ದೊಡ್ಡದು, ಗಿಡ್ಡ ತಾಯಿದು ಸಣ್ಣದು. ಆ ಮಾತು ಆವತ್ತು ನಾನು ಕೇಳಿದ್ದಷ್ಟೇ, ತಲೆಗೆ ಹೋಗಿದ್ದು ನಾಲ್ಕು ವರ್ಷ ಆದ್ಮೇಲೆ.

ನನ್ನ ತಲೇಲಿ ಓಡ್ತಿದ್ದಿದ್ದು ಕ್ಯಾಲೆಂಡರ್. ಕುದುರೆ ಗಬ್ಬ ಹೊರೋದು ಸುಮಾರು 340 ದಿನ. ವರ್ಷಕ್ಕೆ 365. ಮಧ್ಯೆ ಉಳಿಯೋದು 25 ದಿನ. ಈ 25 ದಿನದೊಳಗೆ ಮತ್ತೆ ಗಬ್ಬ ನಿಂತ್ರೆ ಮಾತ್ರ ಮುಂದಿನ ವರ್ಷ ಅದೇ ತಾರೀಕಿಗೆ ಮರಿ. ಈದ 5ರಿಂದ 12 ದಿನದೊಳಗೆ ಒಂದು ಬೆದೆ ಬರತ್ತೆ, ಇದನ್ನ ಫಾರ್ಮ್‌ಗಳಲ್ಲಿ ಫೋಲ್ ಹೀಟ್ ಅಂತಾರೆ, ಅದು ತಪ್ಪಿದ್ರೆ ಮುಂದಿನದು ಸುಮಾರು 30ನೇ ದಿನಕ್ಕೆ, ಆವಾಗ್ಲೇ ಐದು ದಿನ ಹಿಂದೆ ಬಿದ್ವಿ, ಅದೂ ತಪ್ಪಿದ್ರೆ ಇನ್ನೊಂದು 21 ದಿನ. ಹಿಂದೆ ಬಿದ್ರೆ ಏನಾಗತ್ತೆ ಅಂದ್ರೆ, ನಮ್ ದೇಶದಲ್ಲಿ ಎಲ್ಲಾ ರೇಸ್ ಕುದುರೆಗೂ ಹುಟ್ಟಿದ ಹಬ್ಬ ಜನವರಿ 1. ಜನವರೀಲಿ ಹುಟ್ಟಿದ್ದೂ ಮೇನಲ್ಲಿ ಹುಟ್ಟಿದ್ದೂ ಎರಡೂ ಒಂದೇ ವಯಸ್ಸು ಅಂತ ಲೆಕ್ಕ, ಒಂದೇ ರೇಸಲ್ಲಿ ಓಡ್ಬೇಕು. ಎರಡು ವರ್ಷದ ಕುದುರೆಗೆ ನಾಲ್ಕು ತಿಂಗಳ ವ್ಯತ್ಯಾಸ ಅಂದ್ರೆ ಒಂದನೇ ಕ್ಲಾಸ್ ಮಗೂನ ಮೂರನೇ ಕ್ಲಾಸ್ ಮಗು ಜೊತೆ ಓಡ್ಸಿದ ಹಾಗೆ. ಹಂಗಂತ ತೀರಾ ಮುಂಚೆನೂ ಮಾಡೋ ಹಾಗಿಲ್ಲ, ಡಿಸೆಂಬರ್ 30ಕ್ಕೆ ಹುಟ್ಟಿಬಿಟ್ರೆ ಎರಡು ದಿನಕ್ಕೆ ಒಂದು ವರ್ಷದ್ದಾಗಿ ಹೋಗತ್ತೆ.

ಅದಕ್ಕೆ ಆ ಮರಿ ಹುಟ್ಟಿದ ಹತ್ತನೇ ದಿನಕ್ಕೇ ಗೌರಿನೂ ಮರೀನೂ ಲಾರಿ ಹತ್ತಿಸ್ಕೊಂಡು ಹೊರಟೆ. ಮಾಸು ಬೇಗ ಬಿದ್ದಿತ್ತು, ಗರ್ಭಕೋಶ ಕ್ಲೀನಾಗಿತ್ತು, ಒಂದೇ ಸಲಕ್ಕೆ ನಿಂತಿತು. ಜನವರಿ 30ಕ್ಕೆ ಹೆಣ್ಣು ಮರಿ, 51 ಕೆಜಿ, ಹುಟ್ಟಿ ಮುಕ್ಕಾಲು ಗಂಟೇಲಿ ಎದ್ದು ನಿಂತು ಎರಡು ಗಂಟೆಯೊಳಗೆ ಗಿಣ್ಣು ಹಾಲು ಕುಡೀತು. ಆ ಮರಿ ಮುಂದೆ ಎರಡು ರೇಸ್ ಗೆದ್ದಿದೆ. ಆಗ ನನಗೆ ಫೋಲ್ ಹೀಟೇ ಸರಿ, ಪ್ರತಿ ವರ್ಷ ಹೀಗೇ ಅಂತ ಧೈರ್ಯ ಬಂತು. ಚಿಕ್ಕಪ್ಪ ಮಾತ್ರ, "ಮಗಾ, ಹೊಲಾನೂ ಮೂರು ವರ್ಷಕ್ಕೊಂದ್ಸಲ ಬೀಳು ಬಿಡ್ತೀವಿ" ಅಂದ್ರು. ನಾನು ಅವ್ರಿಗೆ ಕೈಂಡ್ ಅನ್ನೋ ಹೆಣ್ಣುಕುದುರೆ ಈದ ಲೆಕ್ಕ ಹೇಳ್ದೆ. 2007ರಲ್ಲಿ ಬುಲೆಟ್ ಟ್ರೇನ್, 2008ರಲ್ಲಿ ಫ್ರಾಂಕೆಲ್, 2009ರಲ್ಲಿ ನೋಬಲ್ ಮಿಷನ್, ಮೂರು ವರ್ಷ ಸಾಲಾಗಿ, ಅದರಲ್ಲಿ ಫ್ರಾಂಕೆಲ್ 14 ಓಡಿ 14ನ್ನೂ ಗೆದ್ದಿದ್ದು. ಇನ್ನೊಂದು ಹೆಣ್ಣುಕುದುರೆ ಅರ್ಬನ್ ಸೀ 1998ರಲ್ಲಿ ಗೆಲಿಲಿಯೋನ ಈದು 1999ರಲ್ಲಿ ಬ್ಲ್ಯಾಕ್ ಸ್ಯಾಮ್ ಬೆಲ್ಲಮಿನ ಈದ್ಳು, ಎರಡೂ ಗ್ರೂಪ್ 1 ಅನ್ನೋ ಅತಿ ಮೇಲಿನ ದರ್ಜೆ ರೇಸ್ ಗೆದ್ದವು, ಬೀಳು ಎಲ್ಲಿ ಬಿಟ್ರು ಅಂತ ಕೇಳ್ದೆ. ಚಿಕ್ಕಪ್ಪ ಉತ್ರ ಕೊಡ್ದೆ ಗೌರಿ ಬೆನ್ನ ಮೇಲೆ ಕೈ ಆಡ್ಸಿ ಹೋದ್ರು.

ಆ ವಾದದಲ್ಲಿ ನಾನು ಹೇಳಿದ್ದು ಸುಳ್ಳಲ್ಲ. ಈಗ್ಲೂ ಹೇಳ್ತೀನಿ, ವಯಸ್ಸಿರೋ ಗಟ್ಟಿ ಕುದುರೆಗೆ, ಈಯೋವಾಗ ತೊಂದ್ರೆ ಆಗದೇ ಇದ್ರೆ, ಮೂರು ನಾಲ್ಕು ವರ್ಷ ಸಾಲಾಗಿ ಮರಿ ತಗೊಳ್ಳೋದ್ರಲ್ಲಿ ತಪ್ಪೇನಿಲ್ಲ. ತಪ್ಪಾಗಿದ್ದು ಬೇರೆ ಕಡೆ. ಆ ಕುದುರೆಗಳಿಗೆ ಪ್ರತಿ ವರ್ಷ ಒಳಗೆ ನೋಡಿ, ಸರಿ ಇದ್ರೆ ಮುಂದೆ ಹೋಗೋರು ಇದ್ರು. ನಾನು ನೋಡಿದ್ದು ತಾರೀಕು.

ಮೂರನೇ ವರ್ಷ ಜನವರಿ 30ಕ್ಕೆ ಈದಿದ್ರಿಂದ ಫೋಲ್ ಹೀಟ್ ಬಂದಾಗ ಆ ಫಾರ್ಮಲ್ಲಿ ಸೀಸನ್ನೇ ಶುರುವಾಗಿರ್ಲಿಲ್ಲ, ಮಾರ್ಚ್ 1ಕ್ಕೆ ಗಂಡಿಗೆ ಕೊಡ್ಸಿದ್ದು ನಿಲ್ಲಲಿಲ್ಲ, ಮಾರ್ಚ್ 22ಕ್ಕೆ ನಿಂತು ಫೆಬ್ರವರಿ 27ಕ್ಕೆ ಗಂಡು ಮರಿ ಬಂತು, 52 ಕೆಜಿ, ಅಡ್ಡಿಯಿಲ್ಲ. ಆದ್ರೆ ತಾರೀಕು ಜನವರಿಯಿಂದ ಫೆಬ್ರವರಿ ಕೊನೆಗೆ ಜಾರಿತ್ತು. ಹಿಂದಕ್ಕೆ ಎಳೀಬೇಕು ಅನ್ನೋ ಹಟದಲ್ಲಿ ಒಂಬತ್ತನೇ ದಿನಕ್ಕೇ ಡಾಕ್ಟ್ರನ್ನ ಕರೆಸ್ದೆ. ಸ್ಕ್ಯಾನ್ ನೋಡಿ ಅವ್ರು, ಗರ್ಭಕೋಶದಲ್ಲಿ ಇನ್ನೂ ನೀರಿದೆ, ಇದು ಬೇಡ, ಬಿಡಿ ಅಂದ್ರು. ಅವ್ರು ಕೊಟ್ಟ ಕಾರಣ ಎಲ್ರಿಗೂ ಗೊತ್ತಿರ್ಬೇಕಾದ್ದು. ಅಂಡ ಬಿಡುಗಡೆಯಾಗಿ ಗಬ್ಬ ಆದ್ಮೇಲೆ ಅದು ಟ್ಯೂಬಿಂದ ಗರ್ಭಕೋಶಕ್ಕೆ ಇಳಿಯೋಕೆ ಐದಾರು ದಿನ ಬೇಕು. 10ನೇ ದಿನ ದಾಟಿ ಅಂಡ ಬಿಡುಗಡೆ ಆದ್ರೆ ಅದು ಇಳಿಯೋ ಹೊತ್ತಿಗೆ 15-16 ದಿನ ಆಗಿರತ್ತೆ, ಅಷ್ಟರಲ್ಲಿ ಗರ್ಭಕೋಶ ಕುಗ್ಗಿ ಕ್ಲೀನಾಗಿರತ್ತೆ. ಅದಕ್ಕಿಂತ ಮುಂಚೆ, ಅದೂ ನೀರು ನಿಂತಿರೋ ಕಡೆ, ಇಳಿದ್ರೆ ಉಳಿಯಲ್ಲ. ಮಾಸು ಮೂರು ಗಂಟೆಯೊಳಗೆ ಬಿದ್ದಿರ್ಬೇಕು, ಒಳಗೆ ಹರಿದಿರಬಾರ್ದು, ನೀರಿರಬಾರ್ದು, ಆವಾಗ ಮಾತ್ರ ಫೋಲ್ ಹೀಟ್ ಅಂತ. ನಾನು ಕೇಳ್ಲಿಲ್ಲ. ಫಾರ್ಮ್ ಬುಕಿಂಗ್ ಆಗಿದೆ ಸಾರ್, ಒಂದ್ಸಲ ನೋಡ್ಬಿಡೋಣ ಅಂದೆ.

ನಿಲ್ಲಲಿಲ್ಲ. ಮಾರ್ಚ್ 30ಕ್ಕೆ ಮತ್ತೆ, ಮಾರನೇ ದಿನ ಗರ್ಭಕೋಶ ತೊಳೆದು ಇಂಜೆಕ್ಷನ್ ಕೊಟ್ರು, ಆದ್ರೂ ನಿಲ್ಲಲಿಲ್ಲ. ಏಪ್ರಿಲ್ 20ಕ್ಕೆ ನಿಂತಿತು, 15ನೇ ದಿನದ ಸ್ಕ್ಯಾನಲ್ಲಿ ನೋಡಿದ್ರೆ ಅವಳಿ. ಕುದುರೆಗೆ ಅವಳಿ ಅಂದ್ರೆ ಖುಷಿ ಪಡೋ ವಿಷ್ಯ ಅಲ್ಲ, ಇಡೀ ಗರ್ಭಕೋಶದ ಗೋಡೆ ಒಂದಕ್ಕೇ ಬೇಕು, ಇನ್ನು ಎರಡಕ್ಕೆಲ್ಲಿಂದ ಬರ್ಬೇಕು, ಬಿಟ್ರೆ ಹೆಚ್ಚಿನಂಶ ಎರಡೂ ಹೋಗತ್ತೆ. 16ನೇ ದಿನದವರೆಗೂ ಅವು ಒಳಗೆ ಓಡಾಡ್ಕೊಂಡಿರತ್ವೆ, ಆಮೇಲೆ ಒಂದು ಕಡೆ ನಿಂತ್ಬಿಡತ್ವೆ, ಅಷ್ಟರೊಳಗೆ ಡಾಕ್ಟ್ರು ಕೈಯಲ್ಲೇ ಒಂದನ್ನ ಒತ್ತಿ ಒಡೀತಾರೆ. ಒಡೆದ್ರು, ಇನ್ನೊಂದು ಉಳೀತು.

ಆ ಒಂದು ವರ್ಷ ಗೌರಿಗೆ ಏನಾಗ್ತಿತ್ತು ಅನ್ನೋದು ಈಗ ನೆನಸ್ಕೊಂಡ್ರೆ ಹೊಟ್ಟೆ ಉರಿಯತ್ತೆ. ಮೂರು ಸಲ ಲಾರಿ, ಪಕ್ಕದಲ್ಲಿ ಹಾಲು ಕುಡಿಯೋ ಮರಿ, 500 ಕೆಜಿ ತೂಕದ ತಾಯಿ ಮೊದಮೊದಲ ತಿಂಗಳುಗಳಲ್ಲಿ ದಿನಕ್ಕೆ 15 ಲೀಟರ್ ಹಾಲು ಕೊಡ್ತಾಳೆ, ಅದಕ್ಕೆ ಬೇಕಾಗೋ ಆಹಾರ ಸುಮ್ನೆ ನಿಂತಿರೋ ಕುದುರೆಗಿಂತ ಹತ್ತತ್ರ ಎರಡರಷ್ಟು. ಹಾಲು ಬಿಡ್ಸಿ ಉಸಿರಾಡೋ ಹೊತ್ತಿಗೆ ಹೊಟ್ಟೇಲಿರೋದು ಬೆಳೆಯೋಕೆ ಶುರು, ಮರಿ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಬರೋದು ಕೊನೆ ಮೂರು ತಿಂಗಳಲ್ಲಿ. ಹುರುಳಿ ಬೇಯ್ಸಿ ಹಾಕ್ದೆ, ಓಟ್ಸ್ ಜಾಸ್ತಿ ಮಾಡ್ದೆ, ಸೊಪ್ಪು ಹಾಕ್ದೆ, ಆದ್ರೂ ಡಿಸೆಂಬರಲ್ಲಿ ಪಕ್ಕೆಲುಬು ಕಾಣ್ತಿತ್ತು. ಅಲ್ಲೀವರೆಗೂ ಹೊಟ್ಟೆ ದೊಡ್ಡದಿದ್ದಿದ್ರಿಂದ ದಪ್ಪ ಇದಾಳೆ ಅಂದ್ಕೊಂಡಿದ್ದೆ. ಗಬ್ಬದ ಕುದುರೆನ ಹೊಟ್ಟೆ ನೋಡಿ ಅಳೀಬಾರ್ದು, ಪಕ್ಕೆ ಮೇಲೆ ಕೈ ಇಟ್ಟು, ಬಾಲದ ಬುಡ ಒತ್ತಿ ನೋಡ್ಬೇಕು, ಇದು ಚಿಕ್ಕಪ್ಪ ಹೇಳ್ಕೊಟ್ಟಿದ್ದು.

ಏಪ್ರಿಲ್ 2ಕ್ಕೆ ಈದ್ಳು. ಬೆಳಗಿನ ಜಾವ 3 ಗಂಟೆ, ಗಂಡು, 46 ಕೆಜಿ, ಎದ್ದು ನಿಲ್ಲೋಕೆ ಎರಡು ಗಂಟೆ ತಗೊಳ್ತು. ಗಿಣ್ಣು ನೀರು ನೀರಾಗಿತ್ತು. ಮಾಸು ಬೀಳ್ಲೇ ಇಲ್ಲ, ಮೂರು ಗಂಟೆ ದಾಟಿದ್ರೆ ಕುದುರೆಗೆ ಎಮರ್ಜೆನ್ಸಿ ಅದು, ಹಸು ಥರ ನಾಳೆವರೆಗೂ ನೋಡೋಣ ಅನ್ನೋಹಾಗಿಲ್ಲ, ನಂಜೇರಿ ಕಾಲಿನ ಗೊರಸಿಗೆ ಇಳಿದು ಕುದುರೆನೇ ಹೋಗ್ಬಿಡತ್ತೆ. ಡಾಕ್ಟ್ರು ಬಂದು ಗರ್ಭಕೋಶ ಕುಗ್ಗಿಸೋ ಆಕ್ಸಿಟೋಸಿನ್ ಕೊಟ್ಟು ಆರನೇ ಗಂಟೆಗೆ ಬಿತ್ತು. ಮಾರನೇ ದಿನ ಮರಿ ರಕ್ತ ಟೆಸ್ಟ್ ಮಾಡಿದ್ರೆ ಗಿಣ್ಣಿಂದ ಬರ್ಬೇಕಾದ ರೋಗನಿರೋಧಕ ಅಂಶ 800 ಇರ್ಬೇಕಾದ್ದು 400ಕ್ಕಿಂತ ಕೆಳಗೆ, ಪ್ಲಾಸ್ಮಾ ಹಾಕ್ಸಿದ್ವಿ. ಮರಿ ಬದುಕ್ತು. ಆದ್ರೆ ಅದು ಯಾವತ್ತೂ ತನ್ನ ಅಣ್ಣ ಅಕ್ಕನ ಮೈಕಟ್ಟಿಗೆ ಬರ್ಲೇ ಇಲ್ಲ, ತಡವಾಗಿ ಹುಟ್ಟಿದ್ದೂ ಸೇರ್ಕೊಂಡು ರೇಸಿಗೆ ಕೇಳೋರಿಲ್ದೆ ಕೊನೆಗೆ ಸವಾರಿ ಕಲ್ಸೋ ಒಬ್ರಿಗೆ ಕೊಟ್ವಿ. ಒಳ್ಳೆ ಸ್ವಭಾವದ ಕುದುರೆ ಅದು. ಅದರ ತಪ್ಪೇನೂ ಇಲ್ಲ.

ಆ ರಾತ್ರಿ ಲಾಯದ ಹೊರಗೆ ಕೂತಿದ್ದಾಗ ಡಾಕ್ಟ್ರೇ ಅಂದ್ರು, ಅವತ್ತು ಚಿಕ್ಕಪ್ಪನ ಹತ್ರ ನೀವು ಅರ್ಬನ್ ಸೀ ಅಂತಿದ್ರಂತಲ್ಲ, ಅವಳು 2009ರಲ್ಲಿ ಈದಾದ ಮೇಲಿನ ತೊಂದ್ರೇಲೇ ಹೋದ್ಳು, ಅದೇ ವರ್ಷ ಅವಳ ಮಗ ಸೀ ದ ಸ್ಟಾರ್ಸ್ ಇಂಗ್ಲೆಂಡಿನ ಡರ್ಬಿ ರೇಸ್ ಗೆದ್ದ ಅಂತ. ನಾನೇನೂ ಮಾತಾಡ್ಲಿಲ್ಲ. ಲೆಕ್ಕ ಮಾತ್ರ ಬಿಡ್ಲಿಲ್ಲ. ಈಗ ಕೊಡ್ಸಿದ್ರೂ ಮೇ ತಿಂಗಳಿಗೆ ಹೋಗತ್ತೆ, ಮರಿ ಮುಂದಿನ ಏಪ್ರಿಲ್‌ಗೆ, ಮತ್ತೆ ಅದೇ ತಡದ ಮರಿ, ಅದೇ ದಣಿದ ತಾಯಿ. ಮೊದಲ ಸಲ ಕ್ಯಾಲೆಂಡರ್ರೂ ಚಿಕ್ಕಪ್ಪನೂ ಒಂದೇ ಮಾತು ಹೇಳ್ತಿದ್ರು. ಬಿಟ್ಬಿಡೋಣ ಈ ವರ್ಷ ಅಂದೆ. ಚಿಕ್ಕಪ್ಪ ಕಣ್ಣೊರೆಸ್ಕೊಂಡ್ರು, ನಾನು ನೋಡ್ದೆ.

ಖಾಲಿ ಬಿಡೋದು ಅಂದ್ರೆ ಬೇಲಿಯೊಳಗೆ ಬಿಟ್ಟು ಮರೆಯೋದಲ್ಲ ಅಂತ ಡಾಕ್ಟ್ರು ಮೊದಲ ದಿನಾನೇ ಹೇಳಿದ್ರು. ರಜೆ ಕೊಟ್ಟ ಮಾತ್ರಕ್ಕೆ ಗರ್ಭಕೋಶ ತಾನಾಗೇ ವಾಸಿ ಆಗಲ್ಲ, ಒಳಗೆ ಸೋಂಕಿದ್ರೆ ಆ ಒಂದು ವರ್ಷದಲ್ಲಿ ಇನ್ನೂ ಬೇರೂರತ್ತೆ. ಮೇ ತಿಂಗಳಲ್ಲಿ ಸ್ವಾಬ್ ತೆಗೆದು ಲ್ಯಾಬಿಗೆ ಕಳ್ಸಿದ್ರು, ಗರ್ಭಕೋಶದ ಒಂದು ಚೂರು ಬಯಾಪ್ಸಿನೂ ಆಯ್ತು. ಅದಕ್ಕೆ ದರ್ಜೆ ಇದೆ, 1 ಅಂದ್ರೆ ಚೆನ್ನಾಗಿದೆ, 2ಎ, 2ಬಿ, ಕೊನೆಗೆ 3, 3 ಬಂದ್ರೆ ಮರಿ ಹೊತ್ತು ಪೂರೈಸೋದು ಬಹಳ ಕಷ್ಟ. ಗೌರಿಗೆ 2ಎ. ಒಳ್ಳೆ ಆರೈಕೆ ಸಿಕ್ರೆ ಮರಿ ಈಯೋ ಸಾಧ್ಯತೆ ನೂರಕ್ಕೆ 50ರಿಂದ 80. ಇನ್ನೂ ಎರಡು ವರ್ಷ ಹೀಗೇ ಎಳೆದಿದ್ರೆ ಎಲ್ಲಿಗೆ ಬರ್ತಿತ್ತೋ. ಸೋಂಕಿಗೆ ಔಷಧಿ ಹಾಕಿ ತೊಳೆದ್ರು, ಹಿಂಭಾಗ ಸಡಿಲ ಆಗಿ ಗಾಳಿ ಕೊಳಕು ಒಳಗೆ ಹೋಗ್ತಿದ್ದಿದ್ರಿಂದ ಮೇಲಿನ ಅರ್ಧ ಹೊಲಿಗೆ ಹಾಕಿದ್ರು, ಅದಕ್ಕೆ ಕ್ಯಾಸ್ಲಿಕ್ ಅಂತಾರೆ.

ಅಕ್ಟೋಬರಲ್ಲಿ ಮರಿ ಹಾಲು ಬಿಡ್ಸಿದ್ವಿ. ಮೂರು ದಿನ ಕೂಗಾಡಿದ್ಳು, ನಾಲ್ಕನೇ ದಿನ ಸುಮ್ಮನಾಗಿ ಮೇಯೋಕೆ ತಲೆ ಹಾಕಿದವಳು ಎತ್ತಲೇ ಇಲ್ಲ. ಹೊಟ್ಟೇಲೂ ಇಲ್ಲ, ಕೆಚ್ಚಲಲ್ಲೂ ಇಲ್ಲ, ಗಬ್ಬ ನಿಂತ ಮೊದಲ ವರ್ಷದಿಂದ ಈಚೆಗೆ ತಿಂದಿದ್ದು ತನಗೇ ಸೇರಿದ ಕಾಲ ಅವಳಿಗೆ ಇದೇ ಮೊದ್ಲು. ಆದ್ರೆ ಇಲ್ಲೂ ಎಚ್ಚರ ಬೇಕು, ಖಾಲಿ ಕುದುರೆ ಬೇಗ ಕೊಬ್ಬುತ್ತೆ, ಕೊಬ್ಬಿದ್ರೆ ಗೊರಸಿಗೆ ತೊಂದ್ರೆ. ಓಟ್ಸ್ ಅರ್ಧ ಮಾಡಿ ಹುಲ್ಲು ಜಾಸ್ತಿ ಮಾಡಿ, ಪಕ್ಕೆ ಕಾಣಬಾರ್ದು ಆದ್ರೆ ಕೈ ಇಟ್ರೆ ಸಿಗ್ಬೇಕು, ಅಷ್ಟಕ್ಕೆ ನಿಲ್ಸಿದ್ವಿ. ಸಂಜೆ ಹೊತ್ತು ಬೇಲಿ ಉದ್ದಕ್ಕೂ ಅವಳಾಗೇ ಓಡ್ತಿದ್ಳು. ಆ ಟೆಂಡನ್ ಕಾಲಲ್ಲೇ.

ಡಿಸೆಂಬರ್ 1ರಿಂದ ಲಾಯದಲ್ಲಿ ಲೈಟು. ಕುದುರೆ ಬೆದೆಗೆ ಬರೋದು ಹಗಲು ಉದ್ದ ಆದಾಗ. ಇಂಗ್ಲೆಂಡಿಗೆ ಹೋಲಿಸಿದ್ರೆ ನಮ್ ಕಡೆ ಹಗಲು ಅಷ್ಟು ಬದಲಾಗಲ್ಲ, ವರ್ಷದ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಹೆಚ್ಚು ಕಮ್ಮಿ ಒಂದೂವರೆ ಗಂಟೆ ವ್ಯತ್ಯಾಸ ಅಷ್ಟೇ, ಆದ್ರೂ ಜನವರಿ ಫೆಬ್ರವರೀಲಿ ಬೆದೆ ಅರೆಬರೆ ಇರತ್ತೆ. ಸಂಜೆ ಕತ್ತಲಾಗೋ ಮುಂಚೆನೇ ಬಲ್ಬ್ ಹಾಕಿ ರಾತ್ರಿ ಹತ್ತೂವರೆವರೆಗೂ, ಹಗಲೂ ಸೇರಿ ಒಟ್ಟು 16 ಗಂಟೆ ಬೆಳಕು, ಲಾಯದ ಯಾವ ಮೂಲೇಲಿ ನಿಂತ್ರೂ ಪೇಪರ್ ಓದೋಕಾಗ್ಬೇಕು. ಎರಡು ತಿಂಗಳು ಒಂದು ದಿನಾನೂ ತಪ್ಪಿಸ್ಬಾರ್ದು, ಕರೆಂಟ್ ಹೋಗತ್ತೆ ಅಂತ ಮನೆ ಇನ್ವರ್ಟರ್ರನ್ನೇ ಲಾಯಕ್ಕೆ ಹಾಕ್ದೆ, ಮನೆಯವ್ರು ಕತ್ತಲಲ್ಲಿ ಊಟ ಮಾಡಿದ್ದೂ ಇದೆ, ಯಾರೂ ಗೊಣಗ್ಲಿಲ್ಲ. ಫೆಬ್ರವರಿ 18ಕ್ಕೆ ಒಂದೇ ಸಲ ಕೊಡ್ಸಿದ್ದು. ನಿಂತಿತು. ಅವಳಿ ಅಲ್ಲ, ಒಂದೇ.

ಜನವರಿ 27ರ ರಾತ್ರಿ ಈದ್ಳು, 20 ನಿಮಿಷದ ಕೆಲ್ಸ, ನಾವು ಮುಟ್ಟೋ ಅವಶ್ಯಕತೆನೇ ಬರ್ಲಿಲ್ಲ. ಹೆಣ್ಣು, 56 ಕೆಜಿ. ಗಿಣ್ಣು ಜೇನಿನ ಥರ ದಪ್ಪ. ಮಾಸು ಒಂದು ಗಂಟೇಲಿ ಇಡಿಯಾಗಿ ಬಿತ್ತು, ಡಾಕ್ಟ್ರು ಅದನ್ನ ಸಿಮೆಂಟ್ ನೆಲದ ಮೇಲೆ ಹರಡಿ ಟಾರ್ಚ್ ಹಾಕಿ ಮೂಲೆ ಮೂಲೆ ನೋಡಿ, ನೋಡಿ ಎಷ್ಟು ಚೆನ್ನಾಗಿದೆ ಅಂತ ನನ್ನ ಕರೆದ್ರು. ಮಾಸು ನೋಡಿ ಖುಷಿ ಪಡೋ ದಿನ ಬರತ್ತೆ ಅಂತ ನಾನು ಅಂದ್ಕೊಂಡಿರ್ಲಿಲ್ಲ. ಆ ಮರಿ ಕಾಲು ಮೂಳೆ ಎದೆ ಎಲ್ಲಾ ನೋಡಿದ್ರೆ ಹಿಂದಿನ ನಾಲ್ಕರಲ್ಲಿ ಯಾವುದಕ್ಕೂ ಇರ್ಲಿಲ್ಲ ಅಂಥ ಮೈಕಟ್ಟು. ಇದು ಖಾಲಿ ಬಿಟ್ಟ ವರ್ಷದಿಂದಲೋ, ಔಷಧಿಯಿಂದಲೋ, ಆ ಸಲದ ಗಂಡಿನಿಂದಲೋ ಅಂತ ಒಂದೇ ಕುದುರೆ ಇಟ್ಕೊಂಡು ಬೇರ್ಪಡಿಸಿ ಹೇಳೋಕಾಗಲ್ಲ. ಓಡೋದು ಇನ್ನೂ ದೂರ ಇದೆ. ಆದ್ರೆ ಗೌರಿ ಆ ಮರಿ ಹೆತ್ತು ಎದ್ದು ನಿಂತ ರೀತಿ, ನಾಲ್ಕನೇ ಮರಿ ಈದ ಏಪ್ರಿಲ್‌ನಲ್ಲಿ ನಿಂತಿದ್ದ ರೀತಿ, ಎರಡನ್ನೂ ಕಣ್ಣಾರೆ ಕಂಡವನು ನಾನು.

ಅದಾದ್ಮೇಲೆ ಫೋಲ್ ಹೀಟಿಗೆ ಹೋಗ್ಲಿಲ್ಲ. ಡಾಕ್ಟ್ರು ಹೇಳಿದ್ದು ಇನ್ನೊಂದು ದಾರಿ, ಆ ಬೆದೆ ಸುಮ್ನೆ ಹೋಗ್ಲಿ, ಅಂಡ ಬಿಡುಗಡೆಯಾದ ಆರನೇ ದಿನಕ್ಕೆ ಪ್ರೋಸ್ಟಾಗ್ಲಾಂಡಿನ್ ಇಂಜೆಕ್ಷನ್ ಕೊಟ್ರೆ ಮುಂದಿನ ಬೆದೆ 30ನೇ ದಿನದವರೆಗೂ ಕಾಯಿಸಲ್ಲ, ಬೇಗ ಬರತ್ತೆ. ಗರ್ಭಕೋಶಕ್ಕೂ ಹತ್ತು ಹನ್ನೆರಡು ದಿನ ಜಾಸ್ತಿ ಸಿಕ್ತು, ಆ 25 ದಿನದ ಲೆಕ್ಕಾನೂ ಕೆಡ್ಲಿಲ್ಲ. 23ನೇ ದಿನಕ್ಕೆ ಕೊಡ್ಸಿದ್ವಿ, ಅದಕ್ಕೆ ಮುಂಚೆ ನೀರಿಲ್ಲ ಅಂತ ಎರಡು ಸಲ ಸ್ಕ್ಯಾನ್. ಇದನ್ನ ಮೂರನೇ ವರ್ಷನೇ ಕೇಳಿ ತಿಳ್ಕೊಂಡಿದ್ರೆ ಮಾರ್ಚ್ 22ರವರೆಗೂ ಜಾರ್ತಾನೇ ಇರ್ಲಿಲ್ಲ, ಆ ನಾಲ್ಕನೇ ಮರಿ ಆ ಸ್ಥಿತೀಲಿ ಹುಟ್ತಾನೂ ಇರ್ಲಿಲ್ಲ.

ಇನ್ನೂ ಒಂದು ಕುದುರೆ ತಗೊಳ್ಳೋಣ ಅಂತ ಇದೀನಿ, ಎರಡಿದ್ರೆ ಒಂದನ್ನ ಖಾಲಿ ಬಿಡ್ಬೇಕಾದಾಗ ಮನಸ್ಸು ಇಷ್ಟು ಒದ್ದಾಡಲ್ಲ. ಗೌರಿಗೆ ಈಗ 13. ಅಮೆರಿಕದ ಹೆಸರಾಂತ ರೇಸ್ ಕುದುರೆ ಸೆಕ್ರೆಟೇರಿಯಟ್ 1970ರಲ್ಲಿ ಹುಟ್ಟಿದಾಗ ಅವನ ತಾಯಿ ಸಂಥಿಂಗ್‌ರಾಯಲ್‌ಗೆ 18 ವರ್ಷ ಅನ್ನೋದು ನನಗೆ ಗೊತ್ತು, ಆದ್ರೆ ಗೌರಿ ಮುಂದೆ ಆ ಲೆಕ್ಕ ಇಡಲ್ಲ. ಈ ಸಲ ಈದ ಮೇಲೆ ಮತ್ತೆ ಕೊಡ್ಸೋದಾ ಬಿಡೋದಾ ಅಂತ ಚಿಕ್ಕಪ್ಪ ಮೊನ್ನೆ ಕೇಳಿದ್ರು. ಮಾಸು ಬೀಳ್ಲಿ, ಹತ್ತು ದಿನ ಆಗ್ಲಿ, ಸ್ಕ್ಯಾನ್ ನೋಡೋಣ ಚಿಕ್ಕಪ್ಪ ಅಂದೆ. ಇವತ್ತಿಗೆ ಗಬ್ಬಕ್ಕೆ 336 ದಿನ. ಸಂಜೆ ನೋಡಿದಾಗ ಕೆಚ್ಚಲು ತುಂಬಿತ್ತು, ಈಯೋ ಮುಂಚೆ ಮೊಲೆ ತುದೀಲಿ ಬರೋ ಮೇಣ ಇನ್ನೂ ಕಟ್ಟಿರ್ಲಿಲ್ಲ. ಲಾಯದ ಪಕ್ಕ ಮಂಚ ಹಾಕ್ಕೊಂಡಿದೀನಿ, ರಾತ್ರಿ ಎರಡು ಗಂಟೆಗೆ ಮತ್ತೆ ಎದ್ದು ನೋಡ್ಬೇಕು.